ಗಡಿಯ ಬೋರ್ಡಿಗೆ ಬೇಕಾದ ದಪ್ಪಕ್ಷರ

ಲಾತೂರ ರೋಡ್ ಜಂಕ್ಷನ್ನಿನಿಂದ ಬೀದರಕ್ಕೆ ಹೋಗುವ ರೈಲುಮಾರ್ಗದಲ್ಲಿ ಉದಗೀರ ಮಹಾರಾಷ್ಟ್ರದ್ದು, ಅದನ್ನು ದಾಟಿ ಮುಂದೆ ಬರುವ ಕಮಲನಗರ ಕರ್ನಾಟಕದ್ದು. ಕಿಟಕಿಯಾಚೆ ಎರಡೂ ಕಡೆ ಅದೇ ಕರಿಮಣ್ಣು, ಅದೇ ತೊಗರಿ, ಅದೇ ಸೋಯಾಬೀನ್. ರಾಜ್ಯ ಬದಲಾಯಿತೆಂದು ತಿಳಿಯುವುದು ನಿಲ್ದಾಣದ ಹಳದಿ ಹಲಗೆಯಿಂದ. ಉದಗೀರದ ಹಲಗೆಯ ಮೇಲೆ ನಾಗರಿ ಮತ್ತು ಇಂಗ್ಲಿಷ್. ಕಮಲನಗರದಲ್ಲಿ ಮೇಲೆ ಕನ್ನಡ, ನಡುವೆ ನಾಗರಿ, ಕೆಳಗೆ ಇಂಗ್ಲಿಷ್. ಹಲಗೆ ಒಂದೇ, ಹಳದಿ ಒಂದೇ, ಕಪ್ಪು ಬಣ್ಣವೂ ಒಂದೇ. ಆದರೆ ಒಂದೇ ದಪ್ಪದಲ್ಲಿ ಬರೆದ ಕನ್ನಡದ ಸಾಲೂ ನಾಗರಿಯ ಸಾಲೂ ದೂರದಿಂದ ಒಂದೇ ಬಲದಲ್ಲಿ ಕಾಣುವುದಿಲ್ಲ. ಈ ಲೇಖನ ಆ ವ್ಯತ್ಯಾಸದ ಬಗ್ಗೆ. ದೂರದಿಂದ ಓದಿಸಿಕೊಳ್ಳುವ, ವೃತ್ತ ಮತ್ತು ಸರಳರೇಖೆಗಳಿಂದ ಕಟ್ಟಿದ ದಪ್ಪ ಅಕ್ಷರ ಕನ್ನಡಕ್ಕೆ ಹೇಗೆ ಒಗ್ಗುತ್ತದೆ, ಈಗ ಏನೇನು ಇದೆ, ಉಮರ್ಗಾ, ನಿಲಂಗಾ, ಉದಗೀರಗಳಂಥ ಗಡಿ ಊರುಗಳಿಗೆ ಎಂಥದ್ದು ಬೇಕು ಎಂಬುದರ ಸಮೀಕ್ಷೆ.

ಬೋರ್ಡಿನ ಅಕ್ಷರ ಇಷ್ಟು ಮುಖ್ಯವೇ ಎಂದು ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಕುಳಿತವರಿಗೆ ಅನಿಸಬಹುದು. ಗಡಿಯಲ್ಲಿ ಅದು ಮುಖ್ಯ. ಉದಗೀರ ಮತ್ತು ನಿಲಂಗಾ 1956ರ ನವೆಂಬರ್ 1ರವರೆಗೆ ಬೀದರ ಜಿಲ್ಲೆಯ ತಾಲೂಕುಗಳೇ ಆಗಿದ್ದವು. ಹೈದರಾಬಾದ್ ರಾಜ್ಯ ಒಡೆದಾಗ ಅಹಮದಪುರದ ಜೊತೆ ಅವೂ ಅಂದಿನ ಮುಂಬಯಿ ರಾಜ್ಯಕ್ಕೆ ಹೋದವು. ಉಮರ್ಗಾ ಉಸ್ಮಾನಾಬಾದ್ ಜಿಲ್ಲೆಯಲ್ಲಿತ್ತು, ಅದೇ ಈಗಿನ ಧಾರಾಶಿವ. ಬೀಗತನ, ಜಾತ್ರೆ, ಮಠದ ಭಕ್ತಿ ಯಾವುದೂ ಆ ಗೆರೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಆದರೆ ಓದು ಬದಲಾಯಿತು. ಮನೆಯಲ್ಲಿ ಕನ್ನಡ ಮಾತಾಡಿ ಶಾಲೆಯಲ್ಲಿ ಮರಾಠಿ ಓದಿದವರು ಈ ಮೂರೂ ತಾಲೂಕುಗಳಲ್ಲಿ ಸಿಗುತ್ತಾರೆ. ಅವರಿಗೆ ಕನ್ನಡ ನಾಲಿಗೆಯ ಮೇಲಿದೆ, ಕಣ್ಣಿಗೆ ಪೂರ್ತಿ ಒಗ್ಗಿಲ್ಲ. ಅವರು ಕನ್ನಡ ಅಕ್ಷರ ನೋಡುವುದು ಬೀದರ, ಬಸವಕಲ್ಯಾಣದಿಂದ ಬರುವ ಬಸ್ಸಿನ ಹಣೆಯ ಮೇಲೆ, ಮಠದ ಬ್ಯಾನರಿನಲ್ಲಿ, ಗಡಿಯಾಚೆಯ ಪೇಟೆಯ ಅಂಗಡಿ ಬೋರ್ಡಿನಲ್ಲಿ. ಪುಸ್ತಕದ ಸಣ್ಣ ಅಕ್ಷರದವರೆಗೆ ಅವರಲ್ಲಿ ಹಲವರು ಬರುವುದೇ ಇಲ್ಲ. ಹಾಗಾಗಿ ಅವರ ಪಾಲಿಗೆ ಬೋರ್ಡೇ ಕನ್ನಡದ ಅಂಕಲಿಪಿ. ತಡವರಿಸುತ್ತ ಓದುವ ಕಣ್ಣಿಗೆ ಧಕಾರ ದಕಾರವಾಗಿ ಕಂಡರೆ ಅಲ್ಲಿಗೆ ಓದು ನಿಲ್ಲುತ್ತದೆ.

ಬೋರ್ಡಿಗಾಗಿ ಈ ನಾಡು ಹಿಂದೆಯೂ ಬೆಲೆ ತೆತ್ತಿದೆ. ನಿಜಾಮರ ಕಾಲದಲ್ಲಿ ಭಾಲ್ಕಿಯ ಮಠಾಧೀಶ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರೆಂಬುದನ್ನು ಬೀದರ ಜಿಲ್ಲೆಯ ಜನ ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. ಇಂದು ಬೋರ್ಡಿನ ಮೇಲೆ ಕನ್ನಡ ಬರೆಯಲು ಕಾನೂನಿನ ತಡೆಯಿಲ್ಲ. ಬರೆದದ್ದು ಓದಲು ಬರಬೇಕು ಎಂಬ ಕಾಳಜಿ ಈಗ ನಮ್ಮ ಕೈಯಲ್ಲೇ ಇದೆ.

ಜ್ಯಾಮಿತಿಯ ಅಕ್ಷರ ಎಂದಾಗ ಲೋಕದಲ್ಲಿ ಮೊದಲು ನೆನಪಾಗುವುದು ಜರ್ಮನಿಯ ಪೌಲ್ ರೆನ್ನರ್ ರೂಪಿಸಿದ ಫ್ಯೂಚುರಾ. 1927ರಲ್ಲಿ ಫ್ರಾಂಕ್‌ಫರ್ಟಿನ ಬಾವರ್ ಫೌಂಡ್ರಿ ಅದರ ಅಚ್ಚುಮೊಳೆಗಳನ್ನು ಮಾರುಕಟ್ಟೆಗೆ ತಂದಿತು. ಅದಕ್ಕೆ ಒಂದೆರಡು ವರ್ಷ ಮೊದಲು ಬೌಹೌಸ್ ವಿನ್ಯಾಸಶಾಲೆಯ ಹರ್ಬರ್ಟ್ ಬೇಯರ್ ಕಂಪಾಸು, ಪಟ್ಟಿಗಳಿಂದಲೇ ಇಡೀ ವರ್ಣಮಾಲೆ ಬರೆಯಲು ಹೊರಟಿದ್ದರು. ರೆನ್ನರರೂ ಮೊದಲು ಹಾಗೆಯೇ ಶುದ್ಧ ಆಕಾರಗಳನ್ನು ಹಿಡಿದು ಹೊರಟವರು. ಆದರೆ ಅಚ್ಚಿಗೆ ಬಂದ ಫ್ಯೂಚುರಾದಲ್ಲಿ ವೃತ್ತ ಕಂಬಕ್ಕೆ ಕೂಡುವ ಕಡೆ ಗೆರೆ ಸಣ್ಣಗಾಗುತ್ತದೆ, ವಿಚಿತ್ರವಾಗಿ ಕಂಡ ರೂಪಗಳು ಬಿಟ್ಟುಹೋಗಿವೆ. ಕಂಪಾಸು ಹೇಳಿದ್ದನ್ನು ಕಣ್ಣು ತಿದ್ದಿದ ಮೇಲೆಯೇ ಅದು ಶತಮಾನ ಬಾಳುವ ಅಕ್ಷರವಾಯಿತು. ನಮ್ಮಲ್ಲಿ ಈ ಪಾಠ ಇನ್ನೂ ಪೂರ್ತಿ ಇಳಿದಿಲ್ಲ. ಆಧುನಿಕವಾಗಿ ಕಾಣಬೇಕೆಂದು ಕನ್ನಡವನ್ನು ಅಳತೆಪಟ್ಟಿಗೆ ಕಟ್ಟಿಹಾಕಿದ ಲೋಗೋಗಳನ್ನು ನೋಡಿದಾಗಲೆಲ್ಲ ನನಗೆ ಹಾಗನಿಸುತ್ತದೆ.

ಹಾಗೆಂದು ವೃತ್ತ ಕನ್ನಡಕ್ಕೆ ಹೊರಗಿನದಲ್ಲ. ಸೊನ್ನೆ, ರ, ಠ ಇವು ಹುಟ್ಟಿನಿಂದಲೇ ದುಂಡಗಿನವು. ಓಲೆಗರಿಯ ಮೇಲೆ ಕಬ್ಬಿಣದ ಕಂಠದಿಂದ ಕೊರೆಯುವಾಗ ಗೆರೆ ಒಂದೇ ದಪ್ಪದಲ್ಲಿ ಸಾಗುತ್ತದೆ, ಲೆಕ್ಕಣಿಕೆಯ ದಪ್ಪ-ತೆಳುಗಳ ಏರಿಳಿತ ಅಲ್ಲಿಲ್ಲ. ಕಲ್ಲಿನ ಮೇಲಿನ ಉಳಿಯ ಕೆಲಸವೂ ಬಹುಮಟ್ಟಿಗೆ ಹಾಗೆಯೇ. ಕಲ್ಯಾಣ ಚಾಲುಕ್ಯರ ಶಾಸನಗಳ ದುಂಡಗಿನ, ಸಮತೂಕದ ಅಕ್ಷರ ನೋಡಿದವರಿಗೆ ಒಂದೇ ದಪ್ಪದ ಜ್ಯಾಮಿತಿಯ ಗೆರೆ ಕನ್ನಡಕ್ಕೆ ಹಳೆಯ ನಂಟು ಎನ್ನುವುದನ್ನು ಬಿಡಿಸಿ ಹೇಳಬೇಕಿಲ್ಲ. ಆ ಚಾಲುಕ್ಯರ ರಾಜಧಾನಿಯಾಗಿದ್ದ ಬಸವಕಲ್ಯಾಣ ಉಮರ್ಗಾದಿಂದ ಬಹಳ ದೂರವಿಲ್ಲ. ಹುಮನಾಬಾದ್ ತಾಲೂಕಿನ ಜಲಸಂಗಿಯ ಮಹಾದೇವ ಗುಡಿಯ ಗೋಡೆಯಲ್ಲಿ ಶಿಲಾಬಾಲಿಕೆಯೊಬ್ಬಳು ಆರನೆಯ ವಿಕ್ರಮಾದಿತ್ಯನನ್ನು ಹೊಗಳುವ ಶಾಸನವನ್ನು ಬರೆಯುತ್ತ ನಿಂತಿದ್ದಾಳೆ. ಉದಗೀರದಿಂದ ಪೂರ್ವಕ್ಕೆ, ನಾಂದೇಡ ಜಿಲ್ಲೆಯ ದೇಗಲೂರು ತಾಲೂಕಿನ ಹೊಟ್ಟಲದಲ್ಲೂ ಕನ್ನಡ ಶಾಸನಗಳಿವೆ. ಬೀದರದಲ್ಲಿ 1472ರಲ್ಲಿ ಕಟ್ಟಿದ ಮಹಮೂದ್ ಗವಾನ್ ಮದರಸಾದ ಮುಖದ ಮೇಲೆ ಬಣ್ಣದ ಹೆಂಚುಗಳಲ್ಲಿ ಕೂಡಿಸಿದ ಅರಬ್ಬಿ ಅಕ್ಷರಪಟ್ಟಿ ಇದೆ. ನೆಲದ ಮೇಲೆ ನಿಂತವನು ಕತ್ತೆತ್ತಿ ನೋಡಿದರೆ ಕಾಣಬೇಕೆಂದು ಅಳೆದು ಮಾಡಿದ ಅಕ್ಷರ ಅದು. ದೊಡ್ಡ ಅಕ್ಷರವನ್ನು ದೂರಕ್ಕೆಂದೇ ರೂಪಿಸುವ ಕಲೆಗೆ ಈ ಸೀಮೆಯಲ್ಲಿ ಕನ್ನಡದ್ದು, ಪಾರಸಿ-ಅರಬ್ಬಿಯದ್ದು ಎಂಬ ಎರಡು ಪರಂಪರೆಗಳು ಪಕ್ಕಪಕ್ಕದಲ್ಲಿವೆ.

ಕನ್ನಡದ ತೊಡಕು ಶುರುವಾಗುವುದು ದಪ್ಪ ಮಾಡಿದಾಗ.

ನಾಗರಿಗೆ ಬೆನ್ನೆಲುಬಿದೆ. ಹೆಚ್ಚಿನ ಅಕ್ಷರಗಳಲ್ಲಿ ನೇರ ಕಂಬ, ಮೇಲೆ ಅಡ್ಡಪಟ್ಟಿಯಂಥ ಶಿರೋರೇಖೆ. ದಪ್ಪ ಬೇಕೆಂದರೆ ಕಂಬವನ್ನೂ ಪಟ್ಟಿಯನ್ನೂ ದಪ್ಪ ಮಾಡಬಹುದು, ಅಕ್ಷರದ ಗುರುತು ಉಳಿಯುತ್ತದೆ. ಕನ್ನಡದಲ್ಲಿ ಅಂಥ ನೇರ ಕಂಬವಿಲ್ಲ, ಎಲ್ಲವೂ ಬಾಗು. ಗೆರೆಯನ್ನು ಒಳಕ್ಕೆ ಉಬ್ಬಿಸಿದರೆ ಹೊಟ್ಟೆಯ ತೆರಪು ಮುಚ್ಚುತ್ತದೆ, ಹೊರಕ್ಕೆ ಉಬ್ಬಿಸಿದರೆ ಅಕ್ಷರ ಅಗಲವಾಗಿ ಸಾಲು ಉದ್ದವಾಗುತ್ತದೆ. ಅಂಗಡಿಯ ಮುಖ ಅಳತೆ ಮೀರಿ ಬೆಳೆಯುವುದಿಲ್ಲವಲ್ಲ. ಇದಕ್ಕೆ ಬೋರ್ಡ್ ಬರೆಯುವ ಪೇಂಟರುಗಳು ತಮ್ಮದೇ ದಾರಿ ಕಂಡುಕೊಂಡಿದ್ದಾರೆ. ದುಂಡನ್ನು ಮೂಲೆ ಸವೆದ ಚೌಕವಾಗಿ ಮಾಡಿ, ಪಕ್ಕದ ಗೆರೆಗಳನ್ನು ನೆಟ್ಟಗೆ ನಿಲ್ಲಿಸಿ, ಹೊಟ್ಟೆಯ ತೆರಪನ್ನು ಉದ್ದ ಸೀಳಾಗಿ ಉಳಿಸುತ್ತಾರೆ. ಅವರ ರಕಾರ ವೃತ್ತವಲ್ಲ, ಆದರೂ ಕಣ್ಣಿಗೆ ದುಂಡಾಗಿಯೇ ಕಾಣುತ್ತದೆ. ಫ್ಲಾಟ್ ಬ್ರಷ್ಷಿನ ಒಂದೆಳೆತದಲ್ಲಿ ಬರುವ ಈ ರೂಪ ಕನ್ನಡದ ದಪ್ಪಕ್ಷರಕ್ಕೆ ಜರ್ಮನಿಯ ಯಾವ ಮಾದರಿಗಿಂತಲೂ ಹತ್ತಿರದ ಆಧಾರ ಎಂಬುದು ನನ್ನ ಖಚಿತ ನಂಬಿಕೆ.

ಕನ್ನಡದಲ್ಲಿ ಅರ್ಥ ನಿಂತಿರುವುದು ಸಣ್ಣ ಸಣ್ಣ ಗುರುತುಗಳ ಮೇಲೆ. ಪಕಾರಕ್ಕೂ ವಕಾರಕ್ಕೂ ಇರುವ ಅಂತರ ತಲೆಯ ಬಳಿಯ ಒಂದು ತೆರಪು. ಪಕಾರದ ಹೊಟ್ಟೆಯೊಳಗೆ ಒಂದು ಗೆರೆ ಬಂದರೆ ಷ, ಬುಡದಲ್ಲಿ ಒಂದು ಸೀಳು ಬಂದರೆ ಫ. ದ, ಧ, ಥ ಮೂರನ್ನೂ ಬೇರೆ ಮಾಡುವುದು ಬುಡದ ಸೀಳು ಮತ್ತು ನಡುವಿನ ಚುಕ್ಕೆ. ಅಂಕಿಗಳಲ್ಲಿ ೬ ಮತ್ತು ೯ ಮೊದಲೇ ಅಕ್ಕತಂಗಿಯರಂತಿವೆ, ದಪ್ಪವಾದಾಗ ಇನ್ನೂ ಹತ್ತಿರವಾಗುತ್ತವೆ. ಕರ್ನಾಟಕದ ಸಾರಿಗೆ ಬಸ್ಸುಗಳ ಮೇಲೆ ಕನ್ನಡ ಅಂಕಿಯಲ್ಲೂ ನಂಬರು ಬರೆದಿರುತ್ತಾರೆ, ಆದ್ದರಿಂದ ಇದು ಬರಿಯ ಚರ್ಚೆಯ ವಿಷಯವಲ್ಲ.

ಫ್ಲೆಕ್ಸ್ ಅಂಗಡಿಯಲ್ಲಿ ಏನಾಗುತ್ತದೆ ನೋಡಿ. ಕಂಪ್ಯೂಟರಿನಲ್ಲಿರುವ ಕನ್ನಡ ಫಾಂಟು ತೆಳ್ಳಗಿದೆ, ಗಿರಾಕಿ ದಪ್ಪ ಕೇಳುತ್ತಾನೆ. ಕೋರಲ್‌ಡ್ರಾದಲ್ಲಿ ಅಕ್ಷರದ ಸುತ್ತ ಅದೇ ಬಣ್ಣದ ಔಟ್‌ಲೈನ್ ಕೊಟ್ಟರೆ ದಪ್ಪವಾಗುತ್ತದೆ. ಆದರೆ ಆ ಔಟ್‌ಲೈನ್ ಅಕ್ಷರದ ಅಂಚಿನ ಮೇಲೆ ಕೂತು ಅರ್ಧ ಹೊರಗೆ, ಅರ್ಧ ಒಳಗೆ ಹರಡುತ್ತದೆ. ಒಳಗೆ ಹರಡಿದ ಪಾಲು ಮೊದಲು ನುಂಗುವುದು ಈ ಸಣ್ಣ ಗುರುತುಗಳನ್ನೇ. ಧಕಾರದ ಸೀಳು ಮುಚ್ಚಿ ದಕಾರವಾಗುತ್ತದೆ, ಥಕಾರದ ಚುಕ್ಕೆ ಹೊಟ್ಟೆಗೆ ಅಂಟಿಕೊಳ್ಳುತ್ತದೆ, ಷಕಾರದ ಒಳಗೆರೆ ಕರಗಿ ಒಂದು ಕರಿಮುದ್ದೆ ಉಳಿಯುತ್ತದೆ. ಅದೇ ಫೈಲಿನಲ್ಲಿರುವ ಮರಾಠಿ ಸಾಲಿಗೂ ಅಷ್ಟೇ ಔಟ್‌ಲೈನ್ ಕೊಟ್ಟಿರುತ್ತಾರೆ, ಅದಕ್ಕೆ ಇಷ್ಟು ಪೆಟ್ಟು ಬೀಳುವುದಿಲ್ಲ. ಬಣ್ಣದ ಸ್ಟಿಕರ್ ಕತ್ತರಿಸುವ ರೇಡಿಯಂ ಅಂಗಡಿಯಲ್ಲಿ ಇನ್ನೊಂದು ತಾಪತ್ರಯ: ತೀರಾ ಸಣ್ಣ ಸೀಳಿನ ಚೂರು ಮಷೀನಿನಲ್ಲಿ ಕತ್ತರಿಸಿದರೂ ಕೈಯಿಂದ ಬಿಡಿಸುವಾಗ ಹರಿಯುತ್ತದೆ, ಹಾಗಾಗಿ ಅದನ್ನು ಬಿಟ್ಟೇಬಿಡುತ್ತಾರೆ. ಕೆಲಸಗಾರರ ತಪ್ಪು ಇದರಲ್ಲಿ ಕಡಿಮೆ. ದಪ್ಪಕ್ಕೆಂದೇ ಬರೆದ ಅಕ್ಷರ ಅವರ ಕೈಗೆ ಸಿಕ್ಕಿದ್ದರೆ ಅವರು ತೆಳು ಅಕ್ಷರವನ್ನು ಉಬ್ಬಿಸುತ್ತಿರಲಿಲ್ಲ.

ಎರಡು ಲಿಪಿ ಒಂದೇ ಬೋರ್ಡಿಗೆ ಬಂದಾಗ ಇನ್ನೊಂದು ಪ್ರಶ್ನೆ ಏಳುತ್ತದೆ. ಗಡಿಯ ಎರಡೂ ಬದಿಯ ಪೇಟೆಗಳಲ್ಲಿ ಕಾಣುವ ‘ಕೃಷಿ ಸೇವಾ ಕೇಂದ್ರ’ವನ್ನೇ ತೆಗೆದುಕೊಳ್ಳಿ. ಬೀಜ, ಗೊಬ್ಬರ, ಔಷಧಿ ಮಾರುವ ಅಂಗಡಿ. ಕನ್ನಡದಲ್ಲೂ ಮರಾಠಿಯಲ್ಲೂ ಹೆಚ್ಚುಕಡಿಮೆ ಅವೇ ಪದಗಳು. ನಾಗರಿಯಲ್ಲಿ ಬರೆದಾಗ ಷಕಾರದ ಈಕಾರ, ಕೇಂದ್ರದ ಏಕಾರ, ಅನುಸ್ವಾರ ಎಲ್ಲ ಶಿರೋರೇಖೆಯ ಮೇಲೆ ಏರಿ ಕೂರುತ್ತವೆ. ‘ಂದ್ರ’ದ ರಕಾರ ದಕಾರದ ಬುಡದಲ್ಲೇ ಅಡಗುತ್ತದೆ, ಕೃ ಮಾತ್ರ ಕೆಳಗೆ ಸ್ವಲ್ಪ ಇಣುಕುತ್ತದೆ. ಅಂದರೆ ನಾಗರಿ ಬೆಳೆಯುವುದು ಮೇಲಕ್ಕೆ. ಕನ್ನಡದಲ್ಲಿ ಕೃ ಕೆಳಗೆ ಬಾಲ ಚಾಚುತ್ತದೆ, ‘ಂದ್ರ’ದ ಒತ್ತು ಪೂರ್ತಿ ಸಾಲಿನ ಕೆಳಗಿಳಿಯುತ್ತದೆ. ಕನ್ನಡ ಬೆಳೆಯುವುದು ಕೆಳಕ್ಕೆ. ಮರಾಠಿ ಮೇಲೆ, ಕನ್ನಡ ಕೆಳಗೆ ಬರೆದರೆ ಎರಡು ಸಾಲಿನ ನಡುವೆ ಬಯಲು, ಬೋರ್ಡಿನ ಮೇಲಂಚು ಕೆಳಂಚುಗಳಲ್ಲಿ ನೂಕುನುಗ್ಗಲು. ಕನ್ನಡ ಮೇಲೆ, ಮರಾಠಿ ಕೆಳಗೆ ಬರೆದರೆ ಕನ್ನಡದ ಒತ್ತುಗಳೂ ನಾಗರಿಯ ಮಾತ್ರೆಗಳೂ ನಡುವಿನಲ್ಲಿ ಡಿಕ್ಕಿ ಹೊಡೆಯುತ್ತವೆ. ಬಿಡಿಸಲು ಸಾಲುಗಳನ್ನು ದೂರ ಮಾಡಿದರೆ ಅಕ್ಷರ ಸಣ್ಣದಾಗುತ್ತದೆ.

ಊರ ಹೆಸರುಗಳಲ್ಲೂ ಇದನ್ನು ಕಾಣಬಹುದು. ಉದಗೀರ ಮತ್ತು ನಿಲಂಗಾ ಎಂಬ ಹೆಸರುಗಳಿಗೆ ಕನ್ನಡದಲ್ಲಿ ಒತ್ತಿಲ್ಲ. ಸಾಲಿನೊಳಗೇ ನಿಲ್ಲುವುದರಿಂದ ಅವನ್ನು ಎಷ್ಟು ದೊಡ್ಡದಾಗಿಯೂ ಬರೆಯಬಹುದು. ಉಮರ್ಗಾ ಎಂದಾಗ ಅರ್ಕಾವೊತ್ತು ಗಕಾರದ ಪಕ್ಕಕ್ಕೆ ಬಂದು ಒಂದು ಅಕ್ಷರದ ಜಾಗ ಹಿಡಿಯುತ್ತದೆ. ಮರಾಠಿಯಲ್ಲಿ ಆ ಹೆಸರಿಗೆ ಒತ್ತೇ ಇಲ್ಲ, ನಾಲ್ಕು ಅಕ್ಷರ ಒಂದೇ ಪಟ್ಟಿಯಡಿ ನೆಟ್ಟಗೆ ಕೂರುತ್ತವೆ. ಭಾಲ್ಕಿ, ಬಸವಕಲ್ಯಾಣ, ಅಕ್ಕಲಕೋಟ, ಸೊಲ್ಲಾಪುರ ಎಲ್ಲಕ್ಕೂ ಕನ್ನಡದಲ್ಲಿ ಒತ್ತುಂಟು. ಇಂಗ್ಲಿಷಿನ ಅಂಗಡಿ ಹೆಸರುಗಳಂತೂ ಇನ್ನೂ ಕಷ್ಟ: ‘ಎಲೆಕ್ಟ್ರಿಕಲ್ಸ್’ ಎಂದು ಬರೆದರೆ ಕಕಾರಕ್ಕೆ ಟಕಾರದ ಒತ್ತು, ಜೊತೆಗೆ ರಕಾರದ ಒತ್ತು. ಈ ಎರಡು ಒತ್ತುಗಳನ್ನು ದಪ್ಪಕ್ಷರದಲ್ಲಿ ಹೇಗೆ ಕೂರಿಸುತ್ತೀರಿ ಎಂದು ಕೇಳಿದರೆ ಸಾಕು, ಫಾಂಟು ಮಾಡುವವರ ಕಸುಬು ಎಷ್ಟಿದೆಯೆಂದು ಗೊತ್ತಾಗುತ್ತದೆ. ಒತ್ತನ್ನು ಮೂಲದಷ್ಟೇ ದಪ್ಪವಾಗಿ ಇಟ್ಟು ಗಾತ್ರ ಮಾತ್ರ ಕುಗ್ಗಿಸಿದರೆ ಅದು ಮುದ್ದೆ. ದಪ್ಪವನ್ನೂ ಅದೇ ಪ್ರಮಾಣದಲ್ಲಿ ಕುಗ್ಗಿಸಿದರೆ ಮೇಲಿನ ಅಕ್ಷರ ಗರ್ಜಿಸುವಾಗ ಕೆಳಗಿನದು ಪಿಸುಗುಡುತ್ತದೆ. ಒಳ್ಳೆಯ ಫಾಂಟಿನಲ್ಲಿ ಒತ್ತುಗಳನ್ನು ಪ್ರತ್ಯೇಕವಾಗಿ, ತುಸು ಅಗಲವಾಗಿ, ತುಸು ತೆಳ್ಳಗೆ ಬರೆದಿರುತ್ತಾರೆ.

ತಲೆಕಟ್ಟಿನ ಮಾತೂ ಇದೆ. ಜ್ಯಾಮಿತಿಯ ಗುಂಗಿನಲ್ಲಿ ತಲೆಕಟ್ಟನ್ನು ಬರಿಯ ಅಡ್ಡಪಟ್ಟಿ ಮಾಡಿದರೆ ಮರಾಠಿಯ ಪಕ್ಕದಲ್ಲಿ ಅದು ತುಂಡಾದ ಶಿರೋರೇಖೆಯಂತೆ ಕಾಣುತ್ತದೆ. ಮೇಲಕ್ಕೆ ಚೂಪಾಗಿ ಎತ್ತಿದರೆ ತೆಲುಗಾಗುತ್ತದೆ. ಬೀದರ ಜಿಲ್ಲೆಯ ಒಂದು ಮಗ್ಗುಲಿಗೆ ಮಹಾರಾಷ್ಟ್ರ, ಇನ್ನೊಂದು ಮಗ್ಗುಲಿಗೆ ತೆಲಂಗಾಣ. ಎರಡರ ನಡುವೆ ಕನ್ನಡದ ಗುರುತು ನಿಂತಿರುವುದು ಬಹುಮಟ್ಟಿಗೆ ಆ ತಲೆಕಟ್ಟಿನ ಬಾಗಿನಲ್ಲಿ. ಅದನ್ನು ಸಪಾಟು ಮಾಡುವ ಫಾಂಟುಗಳು ಎಷ್ಟು ಹೊಸದಾಗಿ ಕಂಡರೂ ಬೋರ್ಡಿಗೆ ಬೇಡ ಎಂದೇ ನಾನು ಹೇಳುತ್ತೇನೆ.

ಈಗ ಕಾನೂನು. ಮಹಾರಾಷ್ಟ್ರ ತನ್ನ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆಗೆ 2022ರ ಮಾರ್ಚಿನಲ್ಲಿ ತಿದ್ದುಪಡಿ ತಂದು, ಹತ್ತಕ್ಕಿಂತ ಕಡಿಮೆ ಕೆಲಸಗಾರರಿರುವ ಸಣ್ಣ ಅಂಗಡಿಗಳಿಗೂ ಮರಾಠಿ ಬೋರ್ಡನ್ನು ಕಡ್ಡಾಯ ಮಾಡಿತು. ಮರಾಠಿ ಮೊದಲಿರಬೇಕು, ಬೇರೆ ಭಾಷೆಯ ಅಕ್ಷರಕ್ಕಿಂತ ಅದರ ಅಕ್ಷರ ಸಣ್ಣದಿರಬಾರದು.  2023ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ವ್ಯಾಪಾರಿಗಳಿಗೆ ಎರಡು ತಿಂಗಳಲ್ಲಿ ಬೋರ್ಡು ಬದಲಿಸಲು ಹೇಳಿತು. ಕರ್ನಾಟಕವು 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ತಿದ್ದುಪಡಿ ತಂದು ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಬೇಕೆಂದಿತು. ಎರಡೂ ಸರ್ಕಾರಗಳು ಅಕ್ಷರವನ್ನು ಅಳತೆಗೆ ತಂದವು, ಅದರಲ್ಲಿ ನ್ಯಾಯವೇ ಇದೆ. ಆದರೆ ಅಳತೆ ಜಾಗವನ್ನಷ್ಟೇ ಹೇಳುತ್ತದೆ. 3 ಅಡಿ ಎತ್ತರದ ಬೋರ್ಡಿನಲ್ಲಿ ಶೇ. 60 ಎಂದರೆ ಸುಮಾರು ಇಪ್ಪತ್ತೊಂದೂವರೆ ಇಂಚು. ಅಂಚಿಗೆ ಬಿಟ್ಟು, ಒತ್ತಿಗೆ ಮೂರನೆಯ ಒಂದು ಪಾಲು ಬಿಟ್ಟರೆ ಅಕ್ಷರದ ಮೈಗೆ ಉಳಿಯುವುದು ಹನ್ನೊಂದು ಹನ್ನೆರಡು ಇಂಚು ಮಾತ್ರ. ಹೆಸರಿನಲ್ಲಿ ಒಂದೇ ಒಂದು ಒತ್ತಿದ್ದರೂ ಇಡೀ ಸಾಲು ಅದಕ್ಕಾಗಿ ಕುಗ್ಗುತ್ತದೆ. ಅಧಿಕಾರಿ ಟೇಪು ಹಿಡಿದು ಬಂದರೆ ಬೋರ್ಡು ಪಾಸಾಗುತ್ತದೆ. ಬಸ್ಸಿನಲ್ಲಿ ಕುಳಿತವನಿಗೆ ಅದು ಓದಲು ಬಂತೇ ಎಂದು ಕೇಳುವ ಕಲಂ ಯಾವ ಕಾಯ್ದೆಯಲ್ಲೂ ಇಲ್ಲ.

ಇಂಥ ಅಕ್ಷರವನ್ನು ಯಾರಾದರೂ ಮಾಡಿದ್ದಾರೆಯೇ? ಮಾಡಿದ್ದಾರೆ, ಆದರೆ ಕನ್ನಡದಲ್ಲಿ ತಡವಾಗಿ. ಕನ್ನಡ ಮೊಳೆಗಳ ಇತಿಹಾಸ ಶ್ರೀರಾಮಪುರದಲ್ಲಿ ವಿಲಿಯಂ ಕೇರಿ 1817ರಲ್ಲಿ ಅಚ್ಚು ಮಾಡಿಸಿದ ಕನ್ನಡ ವ್ಯಾಕರಣದಿಂದ ಹಿಡಿದು ಬಳ್ಳಾರಿ, ಮಂಗಳೂರು, ಬೆಂಗಳೂರುಗಳ ಮಿಷನ್ ಮುದ್ರಣಾಲಯಗಳ ಮೂಲಕ ಹಾದುಬರುತ್ತದೆ. 1894ರ ಕಿಟ್ಟೆಲ್ ಕೋಶ ಆ ಕಸುಬಿನ ದೊಡ್ಡ ಫಲ. ಆದರೆ ಅದೆಲ್ಲ ಪುಸ್ತಕದ ಅಕ್ಷರ. ಬೈಬಲ್, ವ್ಯಾಕರಣ, ನಿಘಂಟು ಓದಿಸಲು ಬೇಕಾದದ್ದು ತಾಳ್ಮೆಯ, ಹದವಾದ ಗೆರೆ. ಜಾಹೀರಾತಿಗೂ ತಲೆಬರಹಕ್ಕೂ ಬೇಕಾದ ಗಟ್ಟಿ ಅಕ್ಷರವನ್ನು ಮುದ್ರಣಾಲಯಗಳು ಬಹುಕಾಲ ಕಲಾವಿದರ ಕೈಯಿಂದ ಬರೆಸಿ ಬ್ಲಾಕ್ ಮಾಡಿಸಿಕೊಂಡವು. ಹಾಗೆ ಬರೆದ ಅಕ್ಷರ ಒಂದು ಸಲದ್ದು, ವರ್ಣಮಾಲೆಯಾಗಿ ಉಳಿಯಲಿಲ್ಲ.

ಮರಾಠಿಯಲ್ಲೂ ಹೀಗೆಯೇ ನಡೆದರೂ ಅಲ್ಲಿ ಕೈಬರಹದ ದಪ್ಪಕ್ಷರಕ್ಕೆ ಹೆಸರು, ಗೌರವ ಸಿಕ್ಕವು. ಮುಂಬಯಿಯ ಕಮಲ ಶೆಡಗೆ (1935–2020) ಮರಾಠಿ ನಾಟಕಗಳ ಪತ್ರಿಕಾ ಜಾಹೀರಾತುಗಳಿಗೂ ಚಿತ್ರಗಳಿಗೂ ಬರೆದ ಶೀರ್ಷಿಕೆಗಳನ್ನು ಜನ ಗುರುತು ಹಿಡಿಯುತ್ತಿದ್ದರು. ಪ್ರತಿ ನಾಟಕಕ್ಕೂ ಬೇರೆ ಅಕ್ಷರ, ಪ್ರತಿ ಅಕ್ಷರಕ್ಕೂ ನಾಟಕದ ಸ್ವಭಾವ. ಕವಿಯೂ ಅಕ್ಷರಶಿಲ್ಪಿಯೂ ಆಗಿದ್ದ ಆರ್. ಕೆ. ಜೋಶಿ (1936–2008) ಮುಂಬಯಿಯಲ್ಲಿ ಭಾರತೀಯ ಲಿಪಿಗಳನ್ನು ಒಟ್ಟಿಗೆ ನೋಡುವ ಒಂದು ತಲೆಮಾರನ್ನೇ ಬೆಳೆಸಿದರು. ವಿಂಡೋಸ್ ಜೊತೆ ಬಂದ ನಾಗರಿಯ ಮಂಗಲ್ ಫಾಂಟು ಅವರದು. ಅದೇ ನಗರದ ಎಕ್ ಟೈಪ್ ತಂಡದಿಂದ ಮೋದಕ್ ಎಂಬ ನಾಗರಿ ಫಾಂಟು ಬಂತು. ಅದರ ಹೊಟ್ಟೆಯ ತೆರಪುಗಳು ಕೂದಲೆಳೆಯ ಸೀಳುಗಳಾಗಿ ಮಾತ್ರ ಉಳಿದಿವೆ, ಆದರೂ ಓದಲು ಬರುತ್ತದೆ. ನಾಗರಿ ಎಷ್ಟು ದಪ್ಪ ತಡೆದೀತು ಎಂಬುದಕ್ಕೆ ಅದು ಉದಾಹರಣೆ. ಇಂಡಿಯನ್ ಟೈಪ್ ಫೌಂಡ್ರಿಯ ಪಾಪಿನ್ಸ್ ಶುದ್ಧ ಜ್ಯಾಮಿತಿಯ ನಾಗರಿಯನ್ನು ಕೊಟ್ಟಿತು, ಅದೇ ಸಂಸ್ಥೆಯ ಟೇಕೊ ಚೌಕಾಕಾರದ ತಲೆಬರಹದ ಅಕ್ಷರವನ್ನು ಕೊಟ್ಟಿತು. ಮುಂಬಯಿ ಲೋಕಲ್ ರೈಲಿನ ಕೈಬರಹದ ಫಲಕಗಳಿಂದ ಯಾತ್ರಾ ಎಂಬ ಫಾಂಟು ಹುಟ್ಟಿತು. ದಿಲ್ಲಿಯ ಬೀದಿ ಪೇಂಟರುಗಳ ಅಕ್ಷರವನ್ನು ಅವರವರ ಹೆಸರಿನಲ್ಲೇ ಫಾಂಟು ಮಾಡಿಸಿದ ಹನೀಫ್ ಕುರೇಶಿ 2024ರಲ್ಲಿ ತೀರಿಕೊಂಡರು. ಅವರು ಹಾಕಿದ ದಾರಿ ಕನ್ನಡಕ್ಕೂ ಬೇಕಾದದ್ದು. ಪಕ್ಕದ ತೆಲುಗಿನಲ್ಲೂ ರಾಮಭದ್ರದಂಥ ಗಟ್ಟಿ ತಲೆಬರಹದ ಫಾಂಟುಗಳು ಉಚಿತವಾಗಿ ಸಿಗುತ್ತವೆ.

ಕನ್ನಡದಲ್ಲಿ ಇಂದು ಕೈಗೆ ಸಿಗುವ ದಪ್ಪಕ್ಷರಗಳಲ್ಲಿ ನಾನು ಮೊದಲು ಹೆಸರಿಸುವುದು ಎಕ್ ಟೈಪಿನದೇ ಬಲೂ ಮತ್ತು ಅನೇಕ್. ಬಲೂ ಕುಟುಂಬದಲ್ಲಿ ಹೆಚ್ಚಿನ ಭಾಷೆಗಳ ಫಾಂಟಿಗೆ ಆಯಾ ಭಾಷೆಯ ಅಣ್ಣತಮ್ಮಂದಿರ ಹೆಸರಿಟ್ಟಿದ್ದಾರೆ, ಕನ್ನಡದ್ದು ಬಲೂ ತಮ್ಮ. ಅದು ಕಟ್ಟುನಿಟ್ಟಿನ ಜ್ಯಾಮಿತಿಯಲ್ಲ, ಬ್ರಷ್ಷಿನ ಮೃದುತನ ಉಳಿಸಿಕೊಂಡ ದಪ್ಪ. ತಲೆಕಟ್ಟು ಕನ್ನಡದ್ದಾಗಿಯೇ ಇದೆ, ನಾಗರಿ ಸೋದರನ ಪಕ್ಕದಲ್ಲಿ ನಿಲ್ಲಿಸಿದರೆ ತೂಕ ಸಮ. 2022ರಲ್ಲಿ ಹತ್ತು ಲಿಪಿಗಳಲ್ಲಿ ಬಂದ ಅನೇಕ್‌ನ ಕನ್ನಡವನ್ನು ವೈಷ್ಣವಿ ಮೂರ್ತಿ ಬರೆದರು. ಅದರ ದಪ್ಪವನ್ನೂ ಅಗಲವನ್ನೂ ಬೇಕಾದಂತೆ ಹೆಚ್ಚುಕಡಿಮೆ ಮಾಡಬಹುದು, ಅಂಗಡಿಯ ಮುಖ ಕಿರಿದಿದ್ದರೆ ಅಕ್ಷರವನ್ನು ಎಳೆದು ಹಿಚುಕದೆ ಕಿರಿದಾದ ರೂಪವನ್ನೇ ಆರಿಸಿಕೊಳ್ಳಬಹುದು. ಬೋರ್ಡಿನ ಕೆಲಸಕ್ಕೆ ನನ್ನ ಮೊದಲ ಆಯ್ಕೆ ಇದೇ. ನೋಟೋ ಸಾನ್ಸ್ ಕನ್ನಡದ ಅತಿ ದಪ್ಪ ರೂಪ ಸರ್ಕಾರಿ ಫಲಕಕ್ಕೆ ಸಲ್ಲುತ್ತದೆ, ಅಂಗಡಿಗೆ ತುಸು ನೀರಸ. ಪದ್ಯಕ್ಕೆ ಎಂಬ ಅಗಲವಾದ ಗಟ್ಟಿ ಫಾಂಟು ಸಿನಿಮಾ ಪೋಸ್ಟರಿಗೆ ಚೆನ್ನ, ಬೋರ್ಡಿನ ಉದ್ದಕ್ಕೆ ಹೊಂದುವುದಿಲ್ಲ. ಹುಬ್ಬಳ್ಳಿ ಹೆಸರಿನ ಫಾಂಟು ಸಮಗೆರೆಯ ಸುಂದರ ಅಕ್ಷರ, ಆದರೆ ಅದಕ್ಕೆ ದಪ್ಪ ರೂಪವಿಲ್ಲ.

ಇವುಗಳಲ್ಲಿ ಯಾವುದೂ ಈ ಗಡಿಯ ಬೋರ್ಡನ್ನು ಕಣ್ಣಮುಂದಿಟ್ಟು ಬರೆದದ್ದಲ್ಲ. ಇಲ್ಲಿಗೆ ಬೇಕಾದ ನಾಗರಿ ಮರಾಠಿಯದು. ಲಕಾರ, ಶಕಾರಗಳಿಗೆ ಮರಾಠಿಯದೇ ರೂಪವಿದೆ, ಮಹಾರಾಷ್ಟ್ರ ಸರ್ಕಾರ 2009ರಲ್ಲಿ ಮರಾಠಿ ವರ್ಣಮಾಲೆಯ ಬಗ್ಗೆ ಆದೇಶ ಹೊರಡಿಸಿ ಅದನ್ನು ನಿಗದಿ ಮಾಡಿದೆ. ಹಿಂದಿಯ ರೂಪ ಬಂದರೆ ನಿಲಂಗಾದ ಓದುಗರಿಗೆ ಅದು ಕೂಡಲೇ ಕಣ್ಣಿಗೆ ಹೊಡೆಯುತ್ತದೆ, ಏಕೆಂದರೆ ಅವರ ಊರ ಹೆಸರಿನಲ್ಲೇ ಲಕಾರವಿದೆ. ಆ ನಾಗರಿಯ ಮಾತ್ರೆಗಳು ಗಿಡ್ಡವಾಗಿರಬೇಕು, ಕನ್ನಡದ ಒತ್ತುಗಳು ಹೆಚ್ಚು ಕೆಳಗಿಳಿಯದೆ ಬಲಕ್ಕೆ ಸರಿಯಬೇಕು. ಎರಡೂ ಸಾಲುಗಳು ಮೈಗೆ ಮೈ ತಾಗುವಷ್ಟು ಹತ್ತಿರ ಬಂದರೂ ಡಿಕ್ಕಿಯಾಗಬಾರದು. ಅಕ್ಷರದ ಹೊಟ್ಟೆ ಪೇಂಟರುಗಳ ಸವೆದ ಚೌಕದಿಂದ ಬರಬೇಕು. ಉದಗೀರದ ಹಾವಗಿಸ್ವಾಮಿ ಮಠದಂಥ ಮಠಗಳ ಉತ್ಸವದ ಬ್ಯಾನರು, ಅಂತರರಾಜ್ಯ ಬಸ್ಸಿನ ತಗಡು, ಕೃಷಿ ಸೇವಾ ಕೇಂದ್ರದ ಬೋರ್ಡು ಈ ಮೂರರಲ್ಲಿ ಗೆದ್ದ ಅಕ್ಷರ ಬೇರೆಲ್ಲ ಕಡೆ ಗೆಲ್ಲುತ್ತದೆ.

ಅಂಥ ಫಾಂಟು ನಾಳೆಯೇ ಬಂದರೂ ಅದು ಗೋಡೆ ತಲುಪುವ ದಾರಿಯಲ್ಲಿ ಒಂದು ಕಲ್ಲಿದೆ. ಮಹಾರಾಷ್ಟ್ರದ ಕಡೆಯ ಡಿಟಿಪಿ ಅಂಗಡಿಗಳಲ್ಲಿ ಪುಣೆಯ ಮಾಡ್ಯುಲರ್ ಸಂಸ್ಥೆಯ ಶ್ರೀಲಿಪಿ, ಕರ್ನಾಟಕದ ಕಡೆ ನುಡಿ, ಬರಹ, ಶ್ರೀಲಿಪಿಗಳು ಬೇರೂರಿವೆ. ಇವುಗಳ ಹಳೆಯ ಫಾಂಟುಗಳು ಯೂನಿಕೋಡಿಗೆ ಮೊದಲಿನ ಸಂಕೇತದವು. ಹೆಸರಿಗಿಂತ ನಂಬರಿನಿಂದಲೇ ಅವನ್ನು ಕರೆಯುತ್ತಾರೆ, ಕೈಗೆ ಅಭ್ಯಾಸವಾದ ನಾಲ್ಕಾರು ನಂಬರುಗಳಲ್ಲೇ ಊರಿನ ಎಲ್ಲ ಬೋರ್ಡೂ ಮುಗಿಯುತ್ತದೆ. ಬಲೂ, ಅನೇಕ್‌ಗಳು ಯೂನಿಕೋಡಿನವು. ಕೋರಲ್‌ಡ್ರಾದ ಹಳೆಯ ಆವೃತ್ತಿಗಳಲ್ಲಿ ಇವನ್ನು ಹಾಕಿದರೆ ಒತ್ತಕ್ಷರ ಒಡೆದು ‘ಕೇಂದ್ರ’ದ ದಕಾರ ಒಂದು ಕಡೆ, ಹಲಂತದ ಗುರುತು ಒಂದು ಕಡೆ, ರಕಾರ ಒಂದು ಕಡೆ ಬೀಳುತ್ತದೆ. ಕೆಲಸದ ಹೊತ್ತಿನಲ್ಲಿ ಗಿರಾಕಿ ತಲೆಯ ಮೇಲೆ ನಿಂತಿರುವಾಗ ಯಾರು ತಾನೇ ಅದರ ಜೊತೆ ಗುದ್ದಾಡುತ್ತಾರೆ? ಹಳೆಯ ನಂಬರಿಗೆ ಮರಳುತ್ತಾರೆ, ಔಟ್‌ಲೈನ್ ಕೊಡುತ್ತಾರೆ, ಧಕಾರ ಮತ್ತೆ ದಕಾರವಾಗುತ್ತದೆ.

ಇದಕ್ಕೆ ಉಪಾಯ ದುಬಾರಿಯದಲ್ಲ. ಬಲೂ, ಅನೇಕ್, ನೋಟೋ ಮೂರೂ ಮುಕ್ತ ಪರವಾನಗಿಯವು, ಬೋರ್ಡಿಗೂ ಬ್ಯಾನರಿಗೂ ದುಡ್ಡಿಲ್ಲದೆ ಬಳಸಬಹುದು. ಕಂಪ್ಯೂಟರಿನಲ್ಲಿ ಹೊಸ ಕೋರಲ್ ಇಲ್ಲದಿದ್ದರೆ ಉಚಿತವಾಗಿ ಸಿಗುವ ಲಿಬ್ರೆ ಆಫೀಸಿನಲ್ಲಿ ಹೆಸರು ಟೈಪು ಮಾಡಿ, ಪಿಡಿಎಫ್ ಮಾಡಿ, ಅದನ್ನು ಕೋರಲ್‌ಗೆ ತರುವಾಗ ಅಕ್ಷರಗಳನ್ನು ಕರ್ವ್ ಆಗಿಸಿಕೊಂಡರೆ ಒತ್ತು ಒಡೆಯುವುದಿಲ್ಲ, ಸ್ಟಿಕರ್ ಕತ್ತರಿಸುವ ಪ್ಲಾಟರೂ ಅದನ್ನು ಸರಿಯಾಗಿ ಕತ್ತರಿಸುತ್ತದೆ. ಗಡಿ ಪ್ರದೇಶಕ್ಕಾಗಿ ಕೆಲಸ ಮಾಡುವ ಸರ್ಕಾರಿ ಸಂಸ್ಥೆಗಳೂ ಕನ್ನಡ ಸಂಘಗಳೂ ಬಸವಕಲ್ಯಾಣ, ಭಾಲ್ಕಿ, ಉಮರ್ಗಾ, ನಿಲಂಗಾ, ಉದಗೀರಗಳ ಬೋರ್ಡ್ ಅಂಗಡಿಯವರನ್ನು ಒಂದು ಮಧ್ಯಾಹ್ನ ಕೂಡಿಸಿ ಇಷ್ಟನ್ನು ಕಲಿಸಬಹುದು. ಅಲ್ಲಿಗೆ ಬರುವ ಹಿರಿಯ ಪೇಂಟರುಗಳ ಕೈಯಿಂದ ಅಕಾರದಿಂದ ಳಕಾರದವರೆಗೆ, ಒತ್ತುಗಳ ಸಮೇತ, ಒಂದು ತಗಡಿನ ಮೇಲೆ ಬರೆಸಿ ಫೋಟೋ ತೆಗೆದಿಟ್ಟುಕೊಳ್ಳಲಿ. ಮುಂದೆ ಈ ಗಡಿಗೆಂದೇ ಫಾಂಟು ಬರೆಯಲು ಕೂರುವವರಿಗೆ ಮೇಜಿನ ಮೇಲೆ ಮೊದಲು ಬೇಕಾಗುವುದು ಆ ತಗಡು.